ಕಂಟ್ರೋಲರ್ ಹಾಕ್ತಾರಂತೆ

ದ್ವಿತೀಯಾ ವಿಭಕ್ತಿಯನ್ನು ನಾವೆಲ್ಲ ಶಾಲೆಯಲ್ಲಿ ಕಲಿತು ಶಾಲೆಯಲ್ಲೇ ಬಿಟ್ಟು ಬಂದವರು. ಹಾಗೆ ಬಿಟ್ಟು ಬಂದದ್ದರಿಂದ ಯಾರಿಗೂ ಹೇಳಿಕೊಳ್ಳುವಂಥ ನಷ್ಟವಾಗಿಲ್ಲ, ಮೈಕ್ರಾನ್ ಒಬ್ಬನನ್ನು ಬಿಟ್ಟು. ಅವನಿಗಾದ ನಷ್ಟವನ್ನು ಯಾವ ವ್ಯಾಕರಣ ಪಂಡಿತರೂ ತುಂಬಿಕೊಡುವುದಿಲ್ಲವಾದ್ದರಿಂದ, ನಡೆದದ್ದನ್ನಾದರೂ ಹೇಳಿಬಿಡೋಣ.

ಮೈಕ್ರಾನ್ ಎನ್ನುವುದು ವರ್ಕ್‌ಶಾಪಿನವರು ಇಟ್ಟ ಹೆಸರು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿ ಅದರಲ್ಲೊಂದು ಪಾಲನ್ನು ಎತ್ತಿಕೊಂಡರೆ ಅದು ಮೈಕ್ರಾನ್. ಕಬ್ಬಿಣದ ಮೇಲೆ ಹೆಬ್ಬೆರಳು ಸವರಿದರೆ ಸಾಕು, ಎಷ್ಟು ಮೈಕ್ರಾನ್ ಹೆಚ್ಚುಕಡಿಮೆಯಿದೆ ಎಂದು ಹೇಳಿಬಿಡುತ್ತೇನೆಂದು ಅವನು ಒಮ್ಮೆ ಎಲ್ಲರೆದುರು ಕೊಚ್ಚಿಕೊಂಡಿದ್ದ. ಹೇಳಿದ ಲೆಕ್ಕ ತಪ್ಪಿತ್ತು, ಹೆಸರು ಉಳಿಯಿತು. ಮನೆಯಲ್ಲಿ ಹೆಂಡತಿ ಕೂಡ ಆ ಹೆಸರು ಕೇಳಿದ್ದಳು, ಏನೋ ಬಿರುದಿರಬೇಕು ಎಂದುಕೊಂಡಿದ್ದಳು.

ಅವನ ಪಾಲಿನ ಮೆಷಿನಿಗೂ ಒಂದು ಹೆಸರಿತ್ತು, ಮುದುಕಿ. ಅದೊಂದು ಹಳೇ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್. ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಅಂಕಿಗಳಲ್ಲಿ ತಿಳಿಸಿದರೆ ತಾನೇ ಎಡಕ್ಕೆ ಬಲಕ್ಕೆ ಹರಿದಾಡಿ ಲೋಹ ಕೊರೆಯುವ ಯಂತ್ರ. ಹೊಸದರಲ್ಲಿ ಹೇಳಿದಷ್ಟೇ ಹೋಗುತ್ತಿತ್ತಂತೆ. ಈಗ ಮೇಜನ್ನು ಎಳೆಯುವ ಸ್ಕ್ರೂ ಸವೆದು ಸಡಿಲವಾಗಿತ್ತು, ಮೋಟಾರುಗಳು ಬಸವಳಿದಿದ್ದವು. ಬಲಕ್ಕೆ ಹೋಗು ಎಂದರೆ ಮುದುಕಿ ಒಂದಿಷ್ಟು ಕಡಿಮೆ ಹೋಗುವಳು, ಮಧ್ಯಾಹ್ನ ಮೈ ಬಿಸಿಯಾದ ಮೇಲೆ ಇನ್ನಷ್ಟು ಕಡಿಮೆ. ಮೈಕ್ರಾನ್ ಇದಕ್ಕೆ ಪ್ರತಿಯಾಗಿ ತಾನೂ ಸುಳ್ಳು ಹೇಳುವುದನ್ನು ರೂಢಿ ಮಾಡಿಕೊಂಡಿದ್ದ. ನೂರು ಹೋಗಬೇಕಾದರೆ ನೂರರ ಮೇಲೊಂದು ಚೂರು ಸೇರಿಸಿ ಹೇಳುವುದು, ಅವಳು ಆ ಚೂರನ್ನು ನುಂಗಿಕೊಂಡು ಸರಿಯಾಗಿ ನೂರಕ್ಕೆ ನಿಲ್ಲುವುದು. ಹೀಗೆ ಇಬ್ಬರು ಸುಳ್ಳರು ಸೇರಿ ನಿಜವಾದ ಮಾಲನ್ನು ತಯಾರಿಸುತ್ತಿದ್ದರು. ಯಾವ ಹೊತ್ತಿಗೆ ಎಷ್ಟು ಸುಳ್ಳು ಎಂಬುದು ಅವನ ತಲೆಯಲ್ಲಿ ಮಾತ್ರ ಇತ್ತು. ಅವನು ರಜೆ ಹಾಕಿದ ದಿನ ಮುದುಕಿಗೂ ರಜೆ.

ಇದರಿಂದ ಅವನಿಗೆ ಒಂದು ಬಗೆಯ ಜಂಬ ಬಂದಿದ್ದರೆ ತಪ್ಪು ಹೇಳುವಂತಿಲ್ಲ. ಬೇರೆ ಯಾವ ಜಂಬಕ್ಕೂ ಅವನ ಬದುಕಿನಲ್ಲಿ ಜಾಗವಿರಲಿಲ್ಲ. ಬಾಡಿಗೆ ಮನೆ, ಸೋರುವ ನಲ್ಲಿ, ತೇವ ಹತ್ತಿದ ಗೋಡೆ, ಐವತ್ತು ದಾಟಿದ ವಯಸ್ಸು. ಮುದುಕಿ ನನ್ನ ಮಾತು ಬಿಟ್ಟು ಯಾರ ಮಾತೂ ಕೇಳುವುದಿಲ್ಲ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಅಸಲಿಗೆ ಅವಳು ಅವನ ಮಾತನ್ನೂ ಕೇಳುತ್ತಿರಲಿಲ್ಲ, ಕೇಳದಿರುವುದು ಎಷ್ಟು ಎಂಬುದು ಅವನಿಗೆ ಗೊತ್ತಿತ್ತು ಅಷ್ಟೇ.

ಹೀಗಿರುವಾಗ ಒಂದು ದಿನ ಮುದುಕಿ ಅರ್ಧ ಕೆಲಸದಲ್ಲೇ ನಿಂತುಬಿಟ್ಟಳು. ಕಂಟ್ರೋಲ್ ಕಪಾಟಿನಿಂದ ಸುಟ್ಟ ವಾಸನೆ ಬಂತು. ವರ್ಕ್‌ಶಾಪಿನ ಯಜಮಾನರು ಗುಜರಿಯವನಿಗೆ ಫೋನು ಮಾಡಲು ಹೊರಟಿದ್ದರು, ಅಷ್ಟರಲ್ಲಿ ಯಾರೋ ಅವರಿಗೆ ರೆಟ್ರೋಫಿಟ್ ಎಂಬ ಉಪಾಯ ಹೇಳಿಕೊಟ್ಟರು. ಎರಕದ ಮೈಯನ್ನು ಹಾಗೇ ಉಳಿಸಿಕೊಂಡು ಮೋಟಾರು, ಸ್ಕ್ರೂ, ವೈರಿಂಗು, ಕಂಟ್ರೋಲರು ಎಲ್ಲವನ್ನೂ ಹೊಸದಾಗಿ ಕೂರಿಸುವುದು. ಯಜಮಾನರಿಗೆ ಇದು ಹಿಡಿಸಿತು. ಅವತ್ತು ಸಂಜೆ ಮೈಕ್ರಾನ್‌ನನ್ನು ತಮ್ಮ ಗಾಜಿನ ಕೋಣೆಗೆ ಕರೆದು ಕೂರಿಸಿದರು. ಕೂರಿಸಿದ್ದೇ ಅವನಿಗೆ ಅಪಶಕುನವಾಗಿ ಕಂಡಿತು.

"ಮುದುಕಿ ಉಳ್ಕೊಂಡ್ಲು," ಎಂದರು ಯಜಮಾನರು. "ಹೊಸ ಕಂಟ್ರೋಲರ್ ಬರ್ತಿದೆ. ಅದನ್ನ ನೀವು ಸರಿಯಾಗಿ ಕಲಿತ್ಕೊಂಡ್ರೆ ನೀವೂ ಉಳ್ಕೋತೀರಿ. ಇಲ್ಲ ಅಂದ್ರೆ ನನಗೂ ಬೇರೆ ದಾರಿ ಇಲ್ಲ ನೋಡಿ."

ತಮ್ಮ ಮಾಲು ಕೊಳ್ಳುವ ಪಂಪ್ ಕಂಪನಿಯ ಇನ್‌ಸ್ಪೆಕ್ಟರು ಬಂದು ತಮ್ಮ ಕಣ್ಣೆದುರೇ ಮೊದಲ ಪೀಸು ಮಾಡಿಸಿ ನೋಡುತ್ತಾರೆ, ಅದು ಸರಿ ಬಂದರೆ ಅವನ ಕೆಲಸ ಭದ್ರ ಎಂದೂ ಸೇರಿಸಿದರು. ಮೈಕ್ರಾನ್ ತಲೆಯಾಡಿಸಿ ಹೊರಗೆ ಬಂದ. ಈ ವಯಸ್ಸಿನಲ್ಲಿ ಬೇರೆ ವರ್ಕ್‌ಶಾಪಿಗೆ ಹೋದರೆ ನಿಮಗೇನು ಬರುತ್ತದೆ ಎಂದು ಕೇಳುತ್ತಾರೆ. ಅವನಿಗೆ ಬರುತ್ತಿದ್ದದ್ದು ಮುದುಕಿ ಒಂದೇ. ಬಸ್ಸಿನಲ್ಲಿ ಜಾಗವಿದ್ದರೂ ನಿಂತುಕೊಂಡೇ ಮನೆಗೆ ಬಂದ.

ಊಟಕ್ಕೆ ಕೂತಾಗ ಮಾತಿಲ್ಲ. ಹೆಂಡತಿ ಏನಾಯಿತೆಂದು ಕೇಳಿದಳು. ಬಾಯಲ್ಲಿ ತುತ್ತಿಟ್ಟುಕೊಂಡೇ ಅವನು ಹೇಳಿದ:

"ವರ್ಕ್‌ಶಾಪಲ್ಲಿ ಹೊಸದಾಗಿ ಕಂಟ್ರೋಲರ್ ಹಾಕ್ತಾರಂತೆ."

"ಅಷ್ಟೆಲ್ಲ ತಿಳಿದೋರು ಅಲ್ಲಿ ಯಾರಿದಾರೆ?"

"ಇನ್ಯಾರು, ನಾನೇ ನೋಡ್ಕೋಬೇಕು."

ಇಲ್ಲಿ ಓದುಗರು ಸ್ವಲ್ಪ ವ್ಯಾಕರಣ ಸಹಿಸಿಕೊಳ್ಳಬೇಕು. ಕಂಟ್ರೋಲರ್ ಹಾಕ್ತಾರೆ ಎಂದರೆ ಅದೊಂದು ವಸ್ತು. ಕಂಟ್ರೋಲರನ್ನ ಹಾಕ್ತಾರೆ ಎಂದರೆ ಅವನೊಬ್ಬ ಮನುಷ್ಯ. ಬಾಯಿ ಖಾಲಿಯಿರುವಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕೇಳುತ್ತದೆ. ತುಂಬಿದ ಬಾಯಲ್ಲಿ ಮಾತಾಡುವವನು ವಿಭಕ್ತಿಯನ್ನು ತುತ್ತಿನ ಜೊತೆ ನುಂಗಿದನೋ ಅಥವಾ ಅದು ಮೊದಲಿನಿಂದಲೇ ಇರಲಿಲ್ಲವೋ ಎಂದು ಕೇಳುವವರು ಊಹಿಸಿಕೊಳ್ಳಬೇಕು. ಹೆಂಡತಿ ನುಂಗಿದ್ದಾನೆ ಎಂದು ಊಹಿಸಿದಳು. ಗಂಡನ ಬಾಯಿಂದ ಒಂದು ಒಳ್ಳೆಯ ಸುದ್ದಿ ಬರಲೆಂದು ಕಾದು ಕೂತವಳಿಗೆ ಅದು ಸಹಜ.

ಆ ಮನೆಯ ಮೇಲಿನ ಅಂತಸ್ತಿನಲ್ಲಿ ಮನೆ ಮಾಲೀಕರು ಇದ್ದರು. ಯಾವುದೋ ಆಫೀಸಿನಲ್ಲಿ ಹೆಡ್‌ಕ್ಲರ್ಕ್ ಆಗಿ ನಿವೃತ್ತರಾದವರು, ಬೀದಿಗೆಲ್ಲ ಹೆಡ್‌ಕ್ಲರ್ಕ್ ಎಂದೇ ಪರಿಚಿತರು. ತಮ್ಮ ಇಡೀ ಸರ್ವಿಸಿನಲ್ಲಿ ಕಂಟ್ರೋಲರ್ ಎಂಬ ಅಧಿಕಾರಿಯನ್ನು ಒಂದೇ ಸಲ ಕಂಡಿದ್ದರು, ಅದೂ ಹಿಂದಿನಿಂದ. ಆ ಬೆನ್ನಿನ ಗಾಂಭೀರ್ಯವನ್ನು ಅವರು ಇನ್ನೂ ವರ್ಣಿಸುತ್ತಿದ್ದರು. ಬೆಳಿಗ್ಗೆ ಬಟ್ಟೆ ಒಣಹಾಕಲು ಮಹಡಿಗೆ ಹೋದ ಮೈಕ್ರಾನ್‌ನ ಹೆಂಡತಿ, ನಮ್ಮವರು ಕಂಟ್ರೋಲರ್ ಆದರು ಎಂದು ಹೇಳಿ ಕೆಳಗೆ ಬರುವಷ್ಟರಲ್ಲಿ ಹೆಡ್‌ಕ್ಲರ್ಕ್ ಶರ್ಟು ಹಾಕಿಕೊಂಡು ಅವಳ ಹಿಂದೆಯೇ ಇಳಿದು ಬಂದರು. ಬಾಡಿಗೆ ಕೇಳಲು ಬರುವಾಗ ಅವರು ಬನಿಯನ್ನಿನಲ್ಲೇ ಬರುತ್ತಿದ್ದರು.

ಮೈಕ್ರಾನ್ ಅದು ಹಾಗಲ್ಲ, ಕಂಟ್ರೋಲರ್ ಅಂದರೆ ಒಂದು ಪೆಟ್ಟಿಗೆ ಎಂದು ವಿವರಿಸಲು ಹೊರಟ. ಹೆಡ್‌ಕ್ಲರ್ಕ್ ಕೈಯೆತ್ತಿ ತಡೆದರು. ದೊಡ್ಡ ಹುದ್ದೆಗೆ ಬಂದವರು ಹೀಗೆ ತಮ್ಮನ್ನು ತಾವೇ ಚಿಕ್ಕದು ಮಾಡಿಕೊಳ್ಳುವುದು ತಮಗೆ ಗೊತ್ತು, ಅದೇ ಅವರ ದೊಡ್ಡತನ ಎಂದರು. ನಂತರ ಕೂರಲು ಹೇಳಿದರೂ ಕೂರದೆ ನಿಂತೇ ಮಾತಾಡಿ ಹೋದರು. ಅದೇ ವಾರ ಪ್ಲಂಬರ್ ಬಂದು ನಲ್ಲಿ ಸರಿ ಮಾಡಿದ, ಅವನ ಹಿಂದೆ ಗಾರೆಯವನು ಬಂದು ತೇವ ಹತ್ತಿದ ಗೋಡೆಗೆ ಗಾರೆ ಹಾಕಿದ. ಇಷ್ಟೂ ವರ್ಷ ಮೈಕ್ರಾನ್ ಗೋಗರೆದರೂ ಆಗದ ಕೆಲಸ ಅದು.

ಆ ಗೋಡೆ ಒಣಗುವುದನ್ನು ನೋಡುತ್ತ ಕೂತವನಿಗೆ ನಿಜ ಹೇಳುವ ಹುಮ್ಮಸ್ಸು ಹೊರಟುಹೋಯಿತು. ಅವನೇನೂ ಸುಳ್ಳು ಹೇಳಿದವನಲ್ಲ, ಬೇರೆಯವರು ಹೇಳಿದ್ದಕ್ಕೆ ಸುಮ್ಮನಿದ್ದವನು. ಅಂಗಡಿಯವನು ಸಾಹೇಬರೇ ಎಂದು ಕರೆದ. ಎದುರುಮನೆಯವರು ಚರಂಡಿಯ ವಿಷಯಕ್ಕೆ ಬೀದಿಯವರೆಲ್ಲ ಸಭೆ ಸೇರುತ್ತಿದ್ದೇವೆ, ಕಂಟ್ರೋಲರ್ ಇದ್ದರೆ ಕಾರ್ಪೊರೇಷನ್ನಿನವರು ಹೆದರುತ್ತಾರೆ, ನೀವೇ ಅಧ್ಯಕ್ಷರಾಗಬೇಕು ಎಂದರು. ಹಗಲು ಕೆಲಸ ಹೋಗುವ ಭಯದಲ್ಲಿ ಸಾಯುತ್ತಿದ್ದ ಮನುಷ್ಯ, ಬೀದಿಗೆ ಕಾಲಿಟ್ಟ ಕೂಡಲೇ ಎದೆ ಸೆಟೆಸಿ ನಡೆಯಬೇಕಾಯಿತು. ಎರಡೂ ಒಟ್ಟಿಗೆ ಮಾಡಿದ್ದರಿಂದ ಅವನಿಗೆ ಅಜೀರ್ಣವಾಯಿತು.

ಇದರ ಮೇಲೆ ಭಾವಮೈದುನ ಬಂದಿಳಿದ. ಹೆಂಡತಿಯ ತಮ್ಮ, ಮೂವತ್ತು ದಾಟಿದವನು, ಕೈ ಹಾಕಿದ ಕೆಲಸವನ್ನೆಲ್ಲ ಮುಗಿಸಿಯೇ ಬಿಟ್ಟವನು, ಅಂದರೆ ಆ ಕೆಲಸಗಳು ಮತ್ತೆ ಏಳಲಿಲ್ಲ. ಅಣಬೆ ಬೆಳೆದ, ಅಣಬೆ ಬರಲಿಲ್ಲ. ಹಳೇ ಮೊಬೈಲುಗಳನ್ನು ಮಾರಿದ, ಅವೆಲ್ಲ ವಾಪಸ್ಸು ಬಂದವು. ಅಕ್ಕನಿಂದ ಫೋನು ಬಂದ ಮಾರನೆಯ ದಿನವೇ ಸೂಟ್‌ಕೇಸಿನೊಂದಿಗೆ ಬಾಗಿಲಲ್ಲಿ ನಿಂತು, ಭಾವನ ಕೈಕೆಳಗೆ ಏನಾದರೂ ಒಂದು ಕೆಲಸ ಸಿಕ್ಕರೆ ಸಾಕು, ತನಗೆ ದುರಾಸೆಯಿಲ್ಲ ಎಂದ. ಮೈಕ್ರಾನ್ ನೋಡೋಣ ಎಂದ. ನೋಡೋಣ ಎಂಬ ಮಾತಿಗೆ ನಮ್ಮಲ್ಲಿ ಆಗುವುದಿಲ್ಲ ಎಂದೇ ಅರ್ಥ, ಮಕ್ಕಳಿಗೂ ಇದು ಗೊತ್ತು. ಭಾವಮೈದುನ ಮಾತ್ರ ಅದನ್ನು ಅಕ್ಷರಶಃ ತೆಗೆದುಕೊಂಡು, ಸೂಟ್‌ಕೇಸಿನಿಂದ ಬಟ್ಟೆಗಳನ್ನು ತೆಗೆದು ಕಪಾಟಿನಲ್ಲಿ ಜೋಡಿಸಿಟ್ಟ.

ಇತ್ತ ವರ್ಕ್‌ಶಾಪಿನಲ್ಲಿ ಮುದುಕಿಯನ್ನು ಬಿಚ್ಚಿ ಹಾಕಿದ್ದರು. ಹೊಸ ಕಂಟ್ರೋಲರಿನ ಕಂಪನಿಯಿಂದ ಒಬ್ಬ ಇಂಜಿನಿಯರಮ್ಮ ಬಂದಿದ್ದಳು. ಕೂದಲನ್ನು ಟೋಪಿಯೊಳಗೆ ತುರುಕಿಕೊಂಡು, ಮಾತು ಕಡಿಮೆ ಕೆಲಸ ಹೆಚ್ಚು ಎಂಬಂಥವಳು. ಹಳೇ ಮೋಟಾರುಗಳು ನೆಲದ ಮೇಲೆ ಎಣ್ಣೆ ಕಾರಿಕೊಂಡು ಬಿದ್ದಿದ್ದವು. ಅವುಗಳ ಜಾಗದಲ್ಲಿ ಅರ್ಧ ಗಾತ್ರದ ಹೊಸ ಮೋಟಾರುಗಳು ಕೂತವು. ಸವೆದ ಸ್ಕ್ರೂಗಳು ಹೋಗಿ ಹೊಳೆಯುವ ಸ್ಕ್ರೂಗಳು ಬಂದವು. ಕಪಾಟಿನ ಜಾಗದಲ್ಲಿ ಗೋಡೆ ಪಕ್ಕ ಒಂದು ಬೂದು ಪೆಟ್ಟಿಗೆ ನಿಂತಿತು, ಅದಕ್ಕೊಂದು ಪರದೆ, ಒಂದಿಷ್ಟು ಗುಂಡಿಗಳು. ಅದೇ ಕಂಟ್ರೋಲರ್. ಮೈಕ್ರಾನ್ ಇದನ್ನೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಸಂಬಂಧಿಕನ ಹಾಗೆ ದೂರದಿಂದ ನೋಡುತ್ತಿದ್ದ.

ಕಲಿಸುವ ದಿನ ಬಂತು. ಇಂಜಿನಿಯರಮ್ಮ ಒಂದೊಂದೇ ಗುಂಡಿ ತೋರಿಸಿ ಹೇಳಿದಳು. ಮೈಕ್ರಾನ್‌ಗೆ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿದ್ದವು. ಆದರೆ ಬೀದಿಯಲ್ಲಿ ಸಾಹೇಬರಾದವನಿಗೆ ಮಗಳ ವಯಸ್ಸಿನವಳ ಮುಂದೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಗೊತ್ತು, ಗೊತ್ತು ಎನ್ನುತ್ತ ಹೋದ. ಕೊನೆಗೆ ಅವಳು ಕೈ ಒರೆಸಿಕೊಂಡು, "ಸರ್, ಒಂದು ಮುಖ್ಯವಾದ ವಿಷಯ," ಎಂದಳು. ಅದೇ ಹೊತ್ತಿಗೆ ಮೈಕ್ರಾನ್‌ನ ಫೋನು ಬಡಿದುಕೊಂಡಿತು. ಹೆಡ್‌ಕ್ಲರ್ಕ್. ಚರಂಡಿ ಸಭೆಗೆ ಕಂಟ್ರೋಲರ್ ಸಾಹೇಬರಿಗೆ ಯಾವ ದಿನ ಬಿಡುವು ಎಂದು ಕೇಳುತ್ತಿದ್ದರು.

"ಸವೆದದ್ದನ್ನೆಲ್ಲ ಬದಲಾಯಿಸಿದೀವಿ," ಎಂದು ಇಂಜಿನಿಯರಮ್ಮ ಹೇಳುತ್ತಿದ್ದಳು. "ಇನ್ನು ನೀವು ಕೈಯಿಂದ ಏನೂ ಸೇರಿಸೋ ಹಾಗಿಲ್ಲ. ಡ್ರಾಯಿಂಗಲ್ಲಿ ನೂರು ಅಂತಿದ್ರೆ ನೂರೇ ಕೊಡಿ."

ಮೈಕ್ರಾನ್ ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು ಅವಳ ಕಡೆ ತಲೆಯಾಡಿಸಿದ. ಭಾನುವಾರ ಆಗಬಹುದು ಎಂದು ಫೋನಿನಲ್ಲಿ ಹೇಳಿದ. ಅರ್ಥವಾಯಿತೇ ಎಂದು ಅವಳು ಕೇಳಿದ್ದಕ್ಕೆ, ಆಯಿತಮ್ಮ, ಇದೆಲ್ಲ ನಮಗೆ ಹಳೆಯದು ಎಂದ. ಅವಳು ನಂಬಿದಳು. ಎಲ್ಲರೂ ಅವನನ್ನು ನಂಬುತ್ತಿದ್ದ ಕಾಲ ಅದು, ಅವನ ಬದುಕಿನಲ್ಲಿ ಅಂಥ ಕಾಲ ಅದಕ್ಕೆ ಮುಂಚೆ ಬಂದಿರಲಿಲ್ಲ.

ಇನ್‌ಸ್ಪೆಕ್ಟರು ಬರುವ ದಿನ ಮೈಕ್ರಾನ್ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋದ. ಪೆಟ್ಟಿಗೆಯ ಪರದೆಯಲ್ಲಿ ಇಂಜಿನಿಯರಮ್ಮ ಪಂಪಿನ ಪೀಸಿನ ಲೆಕ್ಕ ಹಾಕಿಟ್ಟಿದ್ದಳು. ಅದನ್ನು ಓದಿ ನೋಡಿದ. ಎಲ್ಲ ನೇರವಾದ ಅಂಕಿಗಳು, ನೂರಿದ್ದಲ್ಲಿ ನೂರು, ಇಪ್ಪತ್ತಿದ್ದಲ್ಲಿ ಇಪ್ಪತ್ತು. ಪಾಪದ ಹುಡುಗಿ, ಮುದುಕಿಯ ಬುದ್ಧಿ ಅವಳಿಗೇನು ಗೊತ್ತು. ಇದೇ ಲೆಕ್ಕದಲ್ಲಿ ಓಡಿಸಿದರೆ ಎಲ್ಲವೂ ಕಡಿಮೆ ಬಂದು ಅವಳ ಮಾನವೂ ಹೋಗುತ್ತದೆ, ತನ್ನ ಕೆಲಸವೂ ಹೋಗುತ್ತದೆ. ಅಂಕಿಯ ಗುಂಡಿಗಳು ಯಾವ ಪೆಟ್ಟಿಗೆಯಲ್ಲೂ ಒಂದೇ. ಮೈಕ್ರಾನ್ ಬಹಳ ಪ್ರೀತಿಯಿಂದ, ಬೆಳಗಿನ ತಣ್ಣನೆಯ ಹೊತ್ತಿಗೆ ಎಷ್ಟು ಬೇಕೋ ಅಷ್ಟು ಸುಳ್ಳನ್ನು ಒಂದೊಂದು ಅಂಕಿಗೂ ಸೇರಿಸಿದ. ಸೇರಿಸಿ ಹಗುರಾದ. ಅವತ್ತು ಅವನಿಗೆ ಅಜೀರ್ಣವೂ ಇರಲಿಲ್ಲ.

ಇನ್‌ಸ್ಪೆಕ್ಟರು ಬಂದರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಎರಡು ಕಾಲಿನ ಒಂದು ಗೇಜು ತಂದಿದ್ದರು. ಪೀಸಿನ ಎರಡು ತೂತುಗಳಿಗೂ ಅದರ ಎರಡು ಕಾಲುಗಳು ಇಳಿದರೆ ಪಾಸು, ಇಲ್ಲದಿದ್ದರೆ ಇಲ್ಲ. ಮೈಕ್ರಾನ್ ಮೇಜಿಗೆ ಅಲ್ಯೂಮಿನಿಯಮ್ಮಿನ ದಿಂಡು ಕಟ್ಟಿ, ಮೆಷಿನಿನ ಬಾಗಿಲು ಮುಚ್ಚಿ, ಹಸಿರು ಗುಂಡಿ ಒತ್ತಿದ. ಮೆಷಿನ್ ಸದ್ದಿಲ್ಲದೆ ಹೊರಟಿತು. ಯಜಮಾನರ ಮುಖದಲ್ಲಿ ನಗು ಕಾಣಿಸಿಕೊಂಡಿತು.

ಆ ಹೊತ್ತಿಗೆ ಸರಿಯಾಗಿ ಶೆಡ್ಡಿನ ಬಾಗಿಲಲ್ಲಿ ಒಂದು ಆಟೋ ನಿಂತಿತು. ಅದರಿಂದ ಕೋಟು ಹಾಕಿದ ಹೆಡ್‌ಕ್ಲರ್ಕ್ ಇಳಿದರು, ಕೈಯಲ್ಲಿ ಹೂಗುಚ್ಛ. ಅವರ ಹಿಂದೆ ಒಳ್ಳೆಯ ಸೀರೆ ಉಟ್ಟ ಹೆಂಡತಿ, ಇಸ್ತ್ರಿ ಮಾಡಿದ ಶರ್ಟಿನ ಭಾವಮೈದುನ. ಕಂಟ್ರೋಲರ್ ಸಾಹೇಬರನ್ನು ಅವರ ಆಸನದಲ್ಲೇ ಅಭಿನಂದಿಸಿ ಬರಬೇಕೆಂಬುದು ಹೆಡ್‌ಕ್ಲರ್ಕ್ ಅವರ ಏರ್ಪಾಡು. ಮೆಷಿನ್ ಪಕ್ಕ ನಿಂತಿದ್ದ ಮೈಕ್ರಾನ್ ಅವರನ್ನು ಕಂಡವನೇ ಕೈಯಲ್ಲಿದ್ದ ಎಣ್ಣೆ ಬಟ್ಟೆಯಿಂದ ಮುಖ ಒರೆಸಿಕೊಂಡ, ಮುಖ ಕಪ್ಪಾಯಿತು. ಪೀಸು ಮುಗಿಯುವವರೆಗೆ ಅಲ್ಲಿಂದ ಕದಲುವಂತಿರಲಿಲ್ಲ. ಯಜಮಾನರು, ಇವರೂ ಪಂಪ್ ಕಂಪನಿಯ ಕಡೆಯವರೇ ಇರಬೇಕೆಂದು ಎದುರುಗೊಳ್ಳಲು ಓಡಿದರು.

"ಕಂಟ್ರೋಲರ್ ಅವರ ಕೋಣೆ ಎಲ್ಲಿ ಬರುತ್ತೆ?" ಎಂದು ಹೆಡ್‌ಕ್ಲರ್ಕ್ ಗಂಭೀರವಾಗಿ ಕೇಳಿದರು.

"ಕೋಣೆ ಗೀಣೆ ಏನಿಲ್ಲ ಸಾರ್, ಇಲ್ಲೇ ಗೋಡೆ ಪಕ್ಕ. ಸ್ವಲ್ಪ ಗಾಳಿ ಆಡಿದ್ರೆ ಸಾಕು. ಧೂಳು ಮಾತ್ರ ಆಗಲ್ಲ."

"ಮನೇಲೂ ಆಗಲ್ಲ," ಎಂದಳು ಹೆಂಡತಿ. "ಸೀನು ಶುರುವಾಗುತ್ತೆ."

ಯಜಮಾನರು ಒಂದು ಕ್ಷಣ ಅವಳನ್ನು ನೋಡಿದರು. ಗಿರಾಕಿಗಳ ಕಡೆಯವರು ಏನಂದರೂ ಒಪ್ಪಿಕೊಳ್ಳುವ ಅಭ್ಯಾಸದವರಾದ್ದರಿಂದ ಮುಂದುವರಿಸಿದರು. ಮೊದಲಾದರೆ ಬೆಳಿಗ್ಗೆ ಚುರುಕಾಗುವುದಕ್ಕೇ ಬಹಳ ಹೊತ್ತು ಬೇಕಾಗುತ್ತಿತ್ತು ಎಂದರು. ಹೆಂಡತಿ ಟೀ ಕುಡಿಯುವವರೆಗೂ ಹಾಗೇ ಎಂದಳು. ಈಗ ರಜೆ ಕೇಳುವುದಿಲ್ಲ, ನಿದ್ದೆಯಿಲ್ಲ, ಎದುರು ಮಾತಿಲ್ಲ ಎಂದರು ಯಜಮಾನರು. ಹುದ್ದೆ ಬಂದ ಮೇಲೆ ಮನುಷ್ಯ ಹಾಗೇ ಆಗಿಬಿಡುತ್ತಾನೆ ಎಂದು ಹೆಡ್‌ಕ್ಲರ್ಕ್ ತಲೆದೂಗಿದರು. ಹಳೆಯದನ್ನೆಲ್ಲ ಕಿತ್ತು ಗುಜರಿಗೆ ಹಾಕಿದ್ದಾಯಿತು ಎಂದು ಯಜಮಾನರು ಹೆಮ್ಮೆಯಿಂದ ಹೇಳುವಷ್ಟರಲ್ಲಿ ಎಲ್ಲರೂ ಗೋಡೆ ಪಕ್ಕ ಬಂದಿದ್ದರು.

"ನೋಡಿ, ಇದೇ ಕಂಟ್ರೋಲರ್," ಎಂದು ಯಜಮಾನರು ಬೂದು ಪೆಟ್ಟಿಗೆಯ ಬೆನ್ನು ತಟ್ಟಿದರು.

ಹೆಡ್‌ಕ್ಲರ್ಕ್ ಪೆಟ್ಟಿಗೆಯನ್ನು ಮುಂದಿನಿಂದ ನೋಡಿದರು, ಹಿಂದಕ್ಕೆ ಹೋಗಿ ಹಿಂದಿನಿಂದಲೂ ನೋಡಿದರು. "ಇದರ ಹಿಂದೆ ಯಾರು ಕೂತ್ಕೋತಾರೆ?"

"ಯಾರೂ ಕೂತ್ಕೊಳ್ಳಲ್ಲ ಸಾರ್. ಅದೇ ಇದರ ಉಪಯೋಗ."

ಹೆಂಡತಿ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಎಣ್ಣೆ ಮೆತ್ತಿದ ಮುಖದ ಗಂಡನನ್ನು ನೋಡಿದಳು. ಅವಳಿಗೆ ಅಷ್ಟು ಸಾಕಾಯಿತು. ಹೆಡ್‌ಕ್ಲರ್ಕ್ ಮಾತ್ರ ನಿಯಮದ ಮನುಷ್ಯ. ಕಂಟ್ರೋಲರ್‌ಗೆಂದು ತಂದ ಹೂಗುಚ್ಛವನ್ನು ಬೇರೆಯವರಿಗೆ ಕೊಡುವ ಅಧಿಕಾರ ತಮಗಿಲ್ಲವೆಂದು ಅದನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಇಂಜಿನಿಯರಮ್ಮ ಬಂದು, ನೀರು ಒಳಗೆ ಇಳಿಯುತ್ತದೆ ಎಂದು ಹೂಗಳನ್ನು ತೆಗೆದು ಕಿಟಕಿಯಲ್ಲಿಟ್ಟಳು.

ಅಷ್ಟರಲ್ಲಿ ಪೀಸು ಮುಗಿಯಿತು. ಇನ್‌ಸ್ಪೆಕ್ಟರು ಅದನ್ನು ಒರೆಸಿ ಮೇಜಿನ ಮೇಲಿಟ್ಟು ಗೇಜನ್ನು ಇಳಿಸಿದರು. ಒಂದು ಕಾಲು ಇಳಿಯಿತು. ಇನ್ನೊಂದು ತೂತಿನ ಅಂಚಿನ ಮೇಲೆ ನಿಂತುಕೊಂಡಿತು. ತಿರುಗಿಸಿ ಇಳಿಸಿದರು. ಈಗ ಆ ಕಾಲು ಇಳಿಯಿತು, ಈ ಕಾಲು ನಿಂತಿತು. ಮೈಕ್ರಾನ್ ಹತ್ತಿರ ಹೋಗಿ, ಸ್ವಲ್ಪ ಅದುಮಿ ನೋಡಿ ಸಾರ್ ಎಂದ. ಇನ್‌ಸ್ಪೆಕ್ಟರು ಅದುಮದೆ ಗೇಜನ್ನು ಮೇಲಕ್ಕೆತ್ತಿದರು. ಎರಡು ತೂತುಗಳ ನಡುವಿನ ದೂರ ಹೆಚ್ಚಾಗಿತ್ತು. ಕಡಿಮೆಯಾಗುವುದು ಅವನಿಗೆ ಗೊತ್ತಿತ್ತು, ಹೆಚ್ಚಾಗುವುದು ಅವನ ಜನ್ಮದಲ್ಲಿ ಕಂಡಿರಲಿಲ್ಲ.

ಇಂಜಿನಿಯರಮ್ಮ ಪರದೆಯ ಮುಂದೆ ನಿಂತು ಲೆಕ್ಕವನ್ನು ಓದಿದಳು. ಯಾರು ಇದನ್ನೆಲ್ಲ ಸೇರಿಸಿದ್ದು ಎಂದು ಕೇಳಿದಳು. ಮೈಕ್ರಾನ್ ತಾನೇ ಎಂದ. ಮುದುಕಿ ಕಡಿಮೆ ಹೋಗುತ್ತಾಳೆ, ಅದಕ್ಕೆ ಎಂದೂ ಹೇಳಿದ.

"ಈಗ ಹೋಗಲ್ಲ ಸರ್," ಎಂದಳು ಅವಳು. "ನೀವು ಎಷ್ಟು ಹೇಳಿದ್ರೋ ಅಷ್ಟೇ ಹೋಗಿದೆ. ಒಂದು ಕೂದಲೆಳೆ ಆಚೆ ಈಚೆ ಇಲ್ಲ."

ಇಷ್ಟು ವರ್ಷ ಒಂದು ದಿನವೂ ಮಾತು ಕೇಳದಿದ್ದ ಮುದುಕಿ ಅವತ್ತು ಮೊದಲ ಸಲ ಅವನ ಮಾತನ್ನು ಪೂರ್ತಿಯಾಗಿ ಕೇಳಿದ್ದಳು. ಅವಳು ನಿಜ ಹೇಳಲು ಕಲಿತಿದ್ದಳು, ಸುಳ್ಳು ಹೇಳುವವನು ಅವನೊಬ್ಬನೇ ಉಳಿದಿದ್ದ. ಮೈಕ್ರಾನ್‌ಗೆ ಅಳು ಬಂತು. ಎಲ್ಲರೆದುರು ಅಳುವಂತಿರಲಿಲ್ಲವಾದ್ದರಿಂದ ಪೀಸನ್ನು ಕೈಗೆತ್ತಿಕೊಂಡು ಅದರ ಮೇಲೆ ಹೆಬ್ಬೆರಳು ಸವರುತ್ತ ನಿಂತ.

ಇನ್‌ಸ್ಪೆಕ್ಟರು ಗೇಜನ್ನು ಮಖಮಲ್ಲಿನಲ್ಲಿ ಮಲಗಿಸುತ್ತಿದ್ದರು. ಯಜಮಾನರು ಒಂದೇ ಒಂದು ಅವಕಾಶ ಕೊಡಿ ಎಂದು ಅಂಗಲಾಚಿದರು. ಇಂಜಿನಿಯರಮ್ಮ ಸೇರಿಸಿದ್ದನ್ನೆಲ್ಲ ಅಳಿಸಿ, ಹೊಸ ದಿಂಡು ಕಟ್ಟಿದಳು. ಈ ಮೆಷಿನನ್ನು ಈಗ ಯಾರು ಬೇಕಾದರೂ ಓಡಿಸಬಹುದು ಎಂದು ಇನ್‌ಸ್ಪೆಕ್ಟರಿಗೆ ತೋರಿಸಬೇಕೆಂದು, ತೀರ ಹತ್ತಿರ ಬಾಯಿ ಬಿಟ್ಟುಕೊಂಡು ನಿಂತಿದ್ದವನನ್ನು ಕರೆದು, ಆ ಹಸಿರು ಗುಂಡಿ ಒತ್ತಿ ಎಂದಳು. ಹಾಗೆ ನಿಂತಿದ್ದವನು ಭಾವಮೈದುನ. ಒತ್ತಿದ. ಅವನು ಜೀವನದಲ್ಲಿ ಕೈ ಹಾಕಿದ ಕೆಲಸಗಳಲ್ಲಿ ಮೊದಲ ಬಾರಿಗೆ ಒಂದು ನಡೆಯಿತು. ಪೀಸು ಹೊರಬಂತು. ಗೇಜಿನ ಎರಡೂ ಕಾಲುಗಳು ಸಲೀಸಾಗಿ ಇಳಿದವು. ಇನ್‌ಸ್ಪೆಕ್ಟರು ಮುಗುಳ್ನಕ್ಕರು.

ಯಜಮಾನರಿಗೆ ಜೀವ ಬಂತು. ನೀವು ಯಾರಪ್ಪ ಎಂದು ಭಾವಮೈದುನನನ್ನು ವಿಚಾರಿಸಿದರು. ಅವನು ತಾನು ಕಂಟ್ರೋಲರ್ ಅವರ ಹೆಂಡತಿಯ ತಮ್ಮನೆಂದೂ, ಭಾವ ತನಗೆ ಇಲ್ಲೊಂದು ಕೆಲಸ ಕೊಡಿಸುವುದಾಗಿ ಮಾತು ಕೊಟ್ಟಿದ್ದಾರೆಂದೂ ಹೇಳಿದ. ಯಜಮಾನರು ಮೈಕ್ರಾನ್ ಕಡೆ ತಿರುಗಿ, ಹೌದೇ ಎಂದರು. ಹೌದು ಎಂದರೆ ಒಂದು ಕಷ್ಟ, ಇಲ್ಲ ಎಂದರೆ ಹೆಂಡತಿ ಎದುರಿಗೇ ಇದ್ದಾಳೆ. ಮೈಕ್ರಾನ್‌ಗೆ ತೋಚಿದ್ದು ಒಂದೇ ಮಾತು.

"ನೋಡೋಣ ಅಂದಿದ್ದೆ," ಎಂದ.

ಯಜಮಾನರೂ ಅದನ್ನು ಅಕ್ಷರಶಃ ತೆಗೆದುಕೊಂಡರು. ನಿಮ್ಮ ಶಿಫಾರಸು ಅಂದ ಮೇಲೆ ಮಾತೇ ಇಲ್ಲ ಎಂದರು. ಆಮೇಲೆ ಮೈಕ್ರಾನ್‌ನನ್ನು ಗಾಜಿನ ಕೋಣೆಗೆ ಕರೆದೊಯ್ದು ಕೂರಿಸಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನೀವು ಈ ಶೆಡ್ಡಿಗೆ ಮಾಡಿದ್ದನ್ನು ಮರೆಯುವುದಿಲ್ಲ, ಆದರೆ ನಿಮ್ಮ ಕೈ ಇನ್ನು ಸುಮ್ಮನಿರುವುದಿಲ್ಲ, ಸೇರಿಸುತ್ತಲೇ ಇರುತ್ತದೆ, ಇನ್ನು ಮನೆಯಲ್ಲಿ ಆರಾಮಾಗಿರಿ ಎಂದರು. ಕೆಲಸ ನಿಮ್ಮ ಮನೆಯಲ್ಲೇ ಉಳಿಯಿತಲ್ಲ ಎಂದು ಸಮಾಧಾನವನ್ನೂ ಹೇಳಿದರು. ಮೈಕ್ರಾನ್ ಅದಕ್ಕೂ ತಲೆಯಾಡಿಸಿದ.

ಮನೆಗೆ ಮರಳುವಾಗ ಬಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರೇ. ಹೆಡ್‌ಕ್ಲರ್ಕ್ ಆಟೋದಲ್ಲಿ ಹೋಗಿದ್ದರು, ಭಾವಮೈದುನ ಅವತ್ತಿನಿಂದಲೇ ಕೆಲಸಕ್ಕೆ ನಿಂತಿದ್ದ. ಹೆಂಡತಿ ಕೇಳಿದಳು.

"ಅವತ್ತು ಊಟಕ್ಕೆ ಕೂತಾಗ ನಿಮಗೆ ಭಯ ಆಗಿತ್ತಾ?"

"ಹ್ಞೂಂ."

"ನಾನು ಗತ್ತು ಅಂದ್ಕೊಂಡೆ," ಎಂದಳು. ಆಮೇಲೆ ಸೆರಗಿನ ತುದಿಯಿಂದ ಅವನ ಕೆನ್ನೆಯ ಎಣ್ಣೆ ಒರೆಸಿದಳು. ಅದು ಪೂರ್ತಿ ಹೋಗಲಿಲ್ಲ, ಸೀರೆಗೂ ಆಯಿತು.

ಹೆಡ್‌ಕ್ಲರ್ಕ್ ಮಾತ್ರ ತಾವು ಕಣ್ಣಾರೆ ಕಂಡದ್ದಕ್ಕೆ ಮರುದಿನದ ಹೊತ್ತಿಗೆ ಒಂದು ಅರ್ಥ ಕಂಡುಹಿಡಿದಿದ್ದರು. ಕಂಟ್ರೋಲರ್ ಹುದ್ದೆಯನ್ನು ರದ್ದು ಮಾಡಿ ಅದರ ಜಾಗದಲ್ಲಿ ಪೆಟ್ಟಿಗೆ ಇಟ್ಟಿದ್ದಾರೆ, ತಮ್ಮ ಆಫೀಸಿನಲ್ಲೂ ಕೊನೆಗೆ ಹೀಗೇ ಆಯಿತು, ಕಾಲವೇ ಕೆಟ್ಟಿದೆ ಎಂದು ಬೀದಿಗೆಲ್ಲ ವಿವರಿಸಿದರು. ಹೋಗುವಾಗಲೂ ಭಾವಮೈದುನನಿಗೆ ಒಂದು ಜಾಗ ಮಾಡಿಕೊಟ್ಟು ಹೋದರಲ್ಲ, ಅದು ಅಧಿಕಾರ ಅಂದರೆ ಎಂದರು. ಗೇಟಿನ ಬಳಿಯ ಕಲ್ಲು ಬೆಂಚಿನಲ್ಲಿ ಸರಿದು ಕೂತು ಮೈಕ್ರಾನ್‌ಗೆ ಜಾಗ ಕೊಟ್ಟರು. ಹೀಗೆ ಅವನು ಎಂದೂ ಕೂರದ ಕುರ್ಚಿಯಿಂದ ನಿವೃತ್ತನಾದ. ಚರಂಡಿ ಸಭೆಯ ಕರಪತ್ರದಲ್ಲಿ ಅವನನ್ನು ಮಾಜಿ ಕಂಟ್ರೋಲರ್ ಎಂದು ಹಾಕಿದ್ದರು, ಅವನು ಅದನ್ನೂ ತಿದ್ದಲಿಲ್ಲ.

ಬೆಳಿಗ್ಗೆ ಡಬ್ಬಿ ಹಿಡಿದುಕೊಂಡು ಭಾವಮೈದುನ ಹೊರಡುತ್ತಾನೆ. ಇಡೀ ದಿನ ಮೈಕ್ರಾನ್ ಬೆಂಚಿನ ಮೇಲೆ ಕೂತಿರುತ್ತಾನೆ. ಸಂಜೆ ಭಾವಮೈದುನ ಬಸ್ಸಿಳಿದು ಬರುವುದು ಕಂಡ ಕೂಡಲೇ ಎದ್ದು ಹೋಗಿ ಡಬ್ಬಿ ಇಸಿದುಕೊಳ್ಳುತ್ತಾನೆ. ಒಂದು ವಾರ ಹೀಗೆ ನಡೆದ ಮೇಲೆ ಒಂದು ಸಂಜೆ ಕೇಳಲೇಬೇಕೆಂದು ನಿರ್ಧರಿಸಿದ. ಎಷ್ಟು ಪೀಸು ಆಯಿತು ಎಂದು ಮೊದಲು ವಿಚಾರಿಸಿದ. ಬಹಳ ಆಯಿತು, ಒಂದೂ ಕೆಡಲಿಲ್ಲ ಎಂದ ಭಾವಮೈದುನ. ಮಧ್ಯಾಹ್ನ ಮೈ ಬಿಸಿಯಾದ ಮೇಲೆ ಬಲಕ್ಕೆ ಹೋಗಲು ಹಟ ಮಾಡುತ್ತಾಳೆಯೇ ಎಂದು ಕೇಳಿದ. ಯಾರು ಎಂದ ಭಾವಮೈದುನ.

ಗೇಟಿನ ಹತ್ತಿರ ಬಂದಾಗ ಮೈಕ್ರಾನ್ ನಿಂತ.

"ನನ್ನ ಬಗ್ಗೆ ಯಾರಾದ್ರೂ ಕೇಳಿದ್ರಾ?"

ಭಾವಮೈದುನ ಕೆಟ್ಟವನಲ್ಲ. ಹಣೆ ನೆರಿಗೆ ಮಾಡಿಕೊಂಡು ಬೆಳಗಿನಿಂದ ನಡೆದದ್ದನ್ನೆಲ್ಲ ಪ್ರಾಮಾಣಿಕವಾಗಿ ನೆನಪಿಸಿಕೊಂಡ.

"ಇಲ್ಲ ಭಾವ," ಎಂದ. "ಈಗ ಆ ಮೆಷಿನ್ ಸದ್ದೇ ಮಾಡಲ್ವಲ್ಲ. ಯಾರಾದ್ರೂ ಕೇಳಿದ್ರೆ ನನಗೆ ಕೇಳಿಸ್ತಿತ್ತು."